ಮೆಟ್ರೊ ಮಾರ್ಗದ ಕೊನೆಯಲ್ಲಿ ಚಿರತೆ: ಮೈಕಟ್ಟು, ನಡವಳಿಕೆ ಮತ್ತು ನೆಲೆ

ಹೊಸಹಳ್ಳಿ (ಬೆಂಗಳೂರು): ಮಾಗಡಿ ರಸ್ತೆಯ ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದವರು ವಿಜಯನಗರ, ಅತ್ತಿಗುಪ್ಪೆ, ನಾಯಂಡಹಳ್ಳಿ ದಾಟಿ ಅರ್ಧ ಗಂಟೆಯೊಳಗೆ ಕೆಂಗೇರಿ ತಲಪುತ್ತಾರೆ. ಕೆಂಗೇರಿಯವರೆಗಿನ ಮಾರ್ಗ 2021ರ ಆಗಸ್ಟ್‌ನಲ್ಲಿ, ಅದರಾಚೆಯ ಚಲ್ಲಘಟ್ಟದವರೆಗಿನ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪ್ರಯಾಣಿಕರಿಗೆ ತೆರೆಯಿತು. ಈ ಕೊನೆಯ ನಿಲ್ದಾಣಗಳಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ತುರಹಳ್ಳಿ, ಬಿ.ಎಂ. ಕಾವಲ್, ಸೂಲಿಕೆರೆ ಅರಣ್ಯಗಳಿವೆ. ಅಲ್ಲಿ ಚಿರತೆಗಳಿವೆ. ದಾರಿ ತಪ್ಪಿ ಬಂದವಲ್ಲ, ನೆಲೆ ನಿಂತವು.

2022ರ ಡಿಸೆಂಬರ್‌ನಲ್ಲಿ ಕೆಂಗೇರಿ, ಕುಂಬಳಗೋಡು, ತುರಹಳ್ಳಿ ಸುತ್ತಮುತ್ತ ಚಿರತೆ ಕಾಣಿಸಿಕೊಂಡಾಗ ಬಡಾವಣೆಗಳಲ್ಲಿ ಸಂಜೆಯ ನಂತರ ಜನ ಹೊರಬರಲು ಅಂಜಿದರು. ಅಂದು ಎಲ್ಲರ ಬಾಯಲ್ಲೂ ಇದ್ದ ಪ್ರಶ್ನೆ ಒಂದೇ: ಚಿರತೆ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಕನ್ನಡದ ಓದುಗರ ಕಪಾಟಿನಲ್ಲಿಯೇ ಇದೆ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ಬರೆದ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ಅವರು ಕಾಡಿನ ಕಥೆಗಳಾಗಿ ಕನ್ನಡಕ್ಕೆ ತಂದರಷ್ಟೆ. ಆ ಸಂಪುಟಗಳ ಪೈಕಿ ಒಂದರ ಹೆಸರು ‘ಜಾಲಹಳ್ಳಿಯ ಕುರ್ಕ’, ಮತ್ತೊಂದರ ಹೆಸರು ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಜಾಲಹಳ್ಳಿ ಇಂದು ನಗರದ ನಡುವಿನ ಬಡಾವಣೆ. ಮಾಗಡಿಗೆ ಹೋಗುವ ರಸ್ತೆ ಹೊಸಹಳ್ಳಿಯ ಮುಂದೆಯೇ ಹಾಯುತ್ತದೆ. ಚಿರತೆ ಇದ್ದಲ್ಲಿಗೆ ನಗರ ಬಂದಿದೆ ಎಂದರೆ ಹೆಚ್ಚು ಸರಿ.

ಆದುದರಿಂದ ಈ ಪ್ರಾಣಿಯ ಮೈಕಟ್ಟು, ಸ್ವಭಾವಗಳನ್ನು ತಿಳಿಯುವುದು ಪಶ್ಚಿಮ ಬೆಂಗಳೂರಿನ ನಿವಾಸಿಗಳಿಗೆ ಬರೀ ಜೀವಶಾಸ್ತ್ರದ ಪಾಠವಲ್ಲ. ಕಂಡ ಕೂಡಲೇ ಬೋನು ಇಡಬೇಕೇ, ಬೇಡವೇ ಎಂಬ ಪ್ರಶ್ನೆಗೆ ಉತ್ತರವೂ ಅದರ ಸ್ವಭಾವದಲ್ಲಿಯೇ ಅಡಗಿದೆ.

ಹೆಸರಿನ ಗೊಂದಲ

ಚಿರತೆಯ ವೈಜ್ಞಾನಿಕ ಹೆಸರು ಪ್ಯಾಂಥೆರಾ ಪಾರ್ಡಸ್. ಭಾರತದಲ್ಲಿರುವ ಉಪಜಾತಿಗೆ ಫಸ್ಕಾ ಎಂಬ ಹೆಸರು ಸೇರುತ್ತದೆ. ಹುಲಿ, ಸಿಂಹ, ಅಮೆರಿಕದ ಜಾಗ್ವಾರ್ ಮತ್ತು ಹಿಮಾಲಯದ ಹಿಮ ಚಿರತೆ ಇದೇ ಕುಲದ ಬಂಧುಗಳು. ಕನ್ನಡದಲ್ಲಿ ಇದಕ್ಕೆ ಕಿರುಬ, ಕುರ್ಕ ಎಂಬ ಹೆಸರುಗಳೂ ಇವೆ. ಆದರೆ ಕತ್ತೆಕಿರುಬ ಎಂದಾಗ ಅದು ಬೇರೆಯೇ ಪ್ರಾಣಿ, ಮಾರ್ಜಾಲವೂ ಅಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಚೀತಾದ್ದು. ದೂರದರ್ಶನ ವಾಹಿನಿಗಳಲ್ಲಿ ಚಿರತೆಯನ್ನು ಚೀತಾ ಎಂದೂ, ಚೀತಾವನ್ನು ಚಿರತೆ ಎಂದೂ ಕರೆಯುವುದು ಇಂದಿಗೂ ನಿಂತಿಲ್ಲ. ಚೀತಾ ಎಂಬುದು ಹಿಂದೆ ಅರಸರು ಕೃಷ್ಣಮೃಗಗಳ ಬೇಟೆಗೆ ಪಳಗಿಸುತ್ತಿದ್ದ ಸಿವಂಗಿ. ತೆಳು ಮೈ, ಉದ್ದ ಕಾಲು, ಬಯಲಿನಲ್ಲಿ ಓಡಿ ಹಿಡಿಯುವ ಬೇಟೆ ಅದರದ್ದು. ಮೈಮೇಲೆ ಒಂಟಿ ಕಪ್ಪು ಚುಕ್ಕೆಗಳಿರುತ್ತವೆ. ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರು ಇಳಿದಂತೆ ಕಪ್ಪು ಗೆರೆ ಇರುತ್ತದೆ. ಚೀತಾ ಭಾರತದಿಂದ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೊ ರಾಷ್ಟ್ರೀಯ ಉದ್ಯಾನದಲ್ಲಿ ಬಿಡಲಾಯಿತು. ಕೆಂಗೇರಿಯಲ್ಲಿ ಚೀತಾ ಕಾಣಿಸಿತೆಂದು ಯಾರಾದರೂ ಹೇಳಿದರೆ ಅದು ಚಿರತೆಯೇ ಎಂದು ತಿಳಿಯಬೇಕು. ಅಥವಾ ಅದೂ ಅಲ್ಲದೆ ಕಾಡುಬೆಕ್ಕೋ, ಪುನುಗು ಬೆಕ್ಕೋ ಆಗಿರಬಹುದು. ಕತ್ತಲಲ್ಲಿ ಮೊಬೈಲ್‌ನಿಂದ ತೆಗೆದ ಮಸುಕು ಚಿತ್ರದಲ್ಲಿ ಕಾಡುಬೆಕ್ಕು ಕೂಡ ಹುಲಿಯಷ್ಟು ದೊಡ್ಡದಾಗಿ ಕಂಡೀತು.

ಮೈಕಟ್ಟು

ಚಿರತೆಯ ಮೈಬಣ್ಣ ಹಳದಿ ಬೆರೆತ ಕಂದು. ಹೊಟ್ಟೆ ಮತ್ತು ಕಾಲುಗಳ ಒಳಭಾಗ ಬಿಳಿ. ತಲೆ, ಕತ್ತು, ಕಾಲುಗಳ ಮೇಲೆ ಒಂಟಿ ಚುಕ್ಕೆಗಳಿದ್ದರೆ, ಬೆನ್ನು ಹಾಗೂ ಪಕ್ಕೆಗಳ ಮೇಲೆ ಐದಾರು ಚುಕ್ಕೆಗಳು ಉಂಗುರವಾಗಿ ಕೂಡಿಕೊಂಡ ಹೂವಿನಂಥ ಗುರುತುಗಳಿರುತ್ತವೆ. ಉಂಗುರದ ನಡುವೆ ಖಾಲಿ. ಜಾಗ್ವಾರ್‌ಗಾದರೆ ಅದರೊಳಗೂ ಚುಕ್ಕೆ ಇರುತ್ತದೆ. ಮನುಷ್ಯನ ಬೆರಳಚ್ಚಿನಂತೆ ಈ ಗುರುತುಗಳು ಒಂದು ಚಿರತೆಯದ್ದು ಇನ್ನೊಂದಕ್ಕಿಲ್ಲ. ಅಷ್ಟೇ ಅಲ್ಲ, ಒಂದೇ ಪ್ರಾಣಿಯ ಎಡಪಕ್ಕೆಯ ಗುರುತು ಬಲಪಕ್ಕೆಯಲ್ಲಿ ಇರುವುದಿಲ್ಲ. ಆದುದರಿಂದಲೇ ಗಣತಿ ಮಾಡುವವರು ದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ.

ಬೆಳೆದ ಗಂಡು ಸಾಮಾನ್ಯವಾಗಿ 50ರಿಂದ 70 ಕಿಲೋ ತೂಗುತ್ತದೆ. ಹೆಣ್ಣು 30ರಿಂದ 45 ಕಿಲೋ. ಮೂಗಿನಿಂದ ಬಾಲದ ತುದಿಯವರೆಗೆ ಗಂಡು ಸುಮಾರು ಏಳು ಅಡಿ ಉದ್ದವಿದ್ದರೂ ಅದರಲ್ಲಿ ಮೂರು ಅಡಿಯಷ್ಟು ಬಾಲವೇ. ಭುಜದ ಬಳಿ ಎತ್ತರ ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ಅಂದರೆ ದೊಡ್ಡ ನಾಯಿಯೊಂದರ ಎತ್ತರ. ಮೊಣಕಾಲುದ್ದದ ಹುಲ್ಲಿನಲ್ಲಿ ಹೊಟ್ಟೆ ನೆಲಕ್ಕೊತ್ತಿ ಕುಳಿತರೆ ಹತ್ತು ಹೆಜ್ಜೆ ದೂರದಲ್ಲಿ ಹಾದುಹೋಗುವವರಿಗೂ ಅದು ಕಾಣದು. ಹುಲಿಗೆ ಈ ಅನುಕೂಲವಿಲ್ಲ. ಹುಲಿ ಬದುಕಲು ದೊಡ್ಡ ಕಾಡು, ದೊಡ್ಡ ಬೇಟೆ ಬೇಕು. ಚಿರತೆಗೆ ಒಂದು ಬಂಡೆಯ ಸಂದು, ಒಂದು ಲಂಟಾನದ ಮೆಳೆ ಸಾಕು.

ಕಾಲು ಗಿಡ್ಡ; ಎದೆ, ಹೆಗಲು, ದವಡೆ ಮೈಯ ಗಾತ್ರಕ್ಕೆ ಹೋಲಿಸಿದರೆ ಬಹಳ ಗಟ್ಟಿ. ತನ್ನಷ್ಟೇ ತೂಕದ ಬೇಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಮರವೇರುವ ಬಲ ಈ ಮೈಕಟ್ಟಿನಿಂದ ಬಂದದ್ದು. ಗಂಟೆಗೆ ಐವತ್ತು ಕಿಲೋಮೀಟರ್‌ಗೂ ಹೆಚ್ಚಿನ ವೇಗದಲ್ಲಿ ಓಡಬಲ್ಲದಾದರೂ ಆ ಓಟ ಬಹಳ ದೂರ ನಡೆಯುವುದಿಲ್ಲ. ಇಪ್ಪತ್ತು ಅಡಿಯಷ್ಟು ಉದ್ದಕ್ಕೆ, ಹತ್ತು ಅಡಿಯಷ್ಟು ಎತ್ತರಕ್ಕೆ ನೆಗೆಯುತ್ತದೆ. ಸಾಮಾನ್ಯ ಕಾಂಪೌಂಡ್ ಗೋಡೆ ಇದಕ್ಕೆ ಅಡ್ಡಿಯೇ ಅಲ್ಲ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಉದ್ದ ಬಾಲ ಮರದ ಕೊಂಬೆಯ ಮೇಲೆ ತೂಕ ಸರಿದೂಗಿಸಲು ನೆರವಾಗುತ್ತದೆ. ಬಾಲದ ತುದಿಯ ಅಡಿಭಾಗದ ಬಿಳಿ ಬಣ್ಣ ಹಿಂದೆ ಬರುವ ಮರಿಗಳಿಗೆ ಕತ್ತಲಲ್ಲಿ ದಾರಿ ತೋರುತ್ತದೆ ಎನ್ನುತ್ತಾರೆ.

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿ ಪ್ರತಿಫಲಿಸುವ ಪದರವಿದೆ. ವಾಹನದ ದೀಪ ಬಿದ್ದಾಗ ಕಣ್ಣು ಕೆಂಡದಂತೆ ಹೊಳೆಯುವುದು ಇದರಿಂದ. ಮೀಸೆಗಳು ಇಕ್ಕಟ್ಟಿನ ದಾರಿಯನ್ನು ಅಳೆಯುತ್ತವೆ. ಉಗುರುಗಳನ್ನು ನಡೆಯುವಾಗ ಒಳಗೆಳೆದುಕೊಂಡಿರುತ್ತದೆ. ಹೆಜ್ಜೆಗುರುತು ಪತ್ತೆ ಮಾಡುವವರಿಗೆ ಮುಖ್ಯವಾದ ಸುಳಿವು ಇದೇ. ಮಣ್ಣಿನ ಮೇಲೆ ನಾಲ್ಕು ಬೆರಳಿನ ಗುರುತು ಬಿದ್ದು, ಅವುಗಳ ಮುಂದೆ ಉಗುರಿನ ಮೊನೆ ಮೂಡಿದ್ದರೆ ಅದು ನಾಯಿ. ಉಗುರಿನ ಗುರುತಿಲ್ಲದೆ, ಹೆಜ್ಜೆ ದುಂಡಗೆ ಏಳೆಂಟು ಸೆಂಟಿಮೀಟರ್ ಅಗಲವಿದ್ದು, ಹಿಂಭಾಗದ ಮೆತ್ತೆಯ ಕೆಳ ಅಂಚು ಮೂರು ಸೀಳಾಗಿ ಕಂಡರೆ ಚಿರತೆ ಎಂದು ಊಹಿಸಬಹುದು. ಬಡಾವಣೆಗಳಿಂದ ಬರುವ ದೂರುಗಳಲ್ಲಿ ಎಷ್ಟೋ ಹೆಜ್ಜೆಗಳು ಬೀದಿನಾಯಿಯವು.

ಕರಿಚಿರತೆ ಬೇರೆ ಜಾತಿಯಲ್ಲ. ಮೈಯಲ್ಲಿ ಕಪ್ಪು ವರ್ಣದ್ರವ್ಯ ಹೆಚ್ಚಾಗಿರುವ ಚಿರತೆಯೇ ಅದು. ಬಿಸಿಲು ಓರೆಯಾಗಿ ಬಿದ್ದಾಗ ಕಪ್ಪಿನೊಳಗೆ ಉಂಗುರಗಳು ಕಾಣುತ್ತವೆ. ತಂದೆ, ತಾಯಿ ಇಬ್ಬರಿಂದಲೂ ಆ ವಂಶವಾಹಿ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ನಾಗರಹೊಳೆಯ ಕಬಿನಿ ಹಿನ್ನೀರಿನ ಕಾಡಿನಲ್ಲಿ ಕಾಣಿಸಿಕೊಂಡ ಕರಿಚಿರತೆ ಲೋಕಪ್ರಸಿದ್ಧ.

ಬೇಟೆಯ ಬಗೆ

ಚಿರತೆಗೆ ಇಂಥದ್ದೇ ಆಹಾರ ಬೇಕೆಂಬ ಹಟವಿಲ್ಲ. ಕಾಡಿನಲ್ಲಿ ಜಿಂಕೆ, ಕಾಡುಹಂದಿಯ ಮರಿ, ಮುಸುವ, ಮೊಲ, ಮುಳ್ಳುಹಂದಿ, ನವಿಲು. ಊರಿನ ಅಂಚಿನಲ್ಲಿ ಮೇಕೆ, ಕುರಿ, ಕರು, ಬೆಕ್ಕು, ಎಲ್ಲಕ್ಕಿಂತ ಹೆಚ್ಚಾಗಿ ನಾಯಿ. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ, ಕಾಡೇ ಇಲ್ಲದ ಕಬ್ಬಿನ ಸೀಮೆಯಲ್ಲಿ, ಚಿರತೆಯ ಹಿಕ್ಕೆ ಸಂಗ್ರಹಿಸಿ ಪರೀಕ್ಷಿಸಿದರು. ತಿಂದ ಆಹಾರದ ತೂಕದಲ್ಲಿ ಶೇ. 87ರಷ್ಟು ಸಾಕುಪ್ರಾಣಿಗಳದ್ದು, ಅದರಲ್ಲಿಯೂ ನಾಯಿಯ ಪಾಲೇ ಶೇ. 39 ಎಂದು 2014ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳುತ್ತದೆ. ಮೇಕೆಗಳು ಆ ಸೀಮೆಯಲ್ಲಿ ನಾಯಿಗಳಿಗಿಂತ ಹೆಚ್ಚಿದ್ದರೂ ಅವು ರಾತ್ರಿ ಭದ್ರವಾದ ಕೊಟ್ಟಿಗೆಯಲ್ಲಿರುತ್ತವೆ, ನಾಯಿಗಳು ಬೀದಿಯಲ್ಲಿರುತ್ತವೆ.

ಬೆಂಗಳೂರಿಗೆ ಈ ಲೆಕ್ಕ ಹೊಂದಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಆಗಿನ ಬಿಬಿಎಂಪಿ 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ನಗರದಲ್ಲಿದ್ದ ಬೀದಿನಾಯಿಗಳು ಸುಮಾರು 2.79 ಲಕ್ಷ. ಕೋಳಿ ಅಂಗಡಿಯ ತ್ಯಾಜ್ಯ, ಹೋಟೆಲಿನ ಎಂಜಲು ರಾತ್ರೋರಾತ್ರಿ ಕೆರೆಯಂಗಳಕ್ಕೂ, ಅರಣ್ಯದ ಬೇಲಿ ಪಕ್ಕಕ್ಕೂ ಬಂದು ಬೀಳುತ್ತದೆ. ಅದಕ್ಕೆ ನಾಯಿಗಳು ಸೇರುತ್ತವೆ. ನಾಯಿಗಳನ್ನು ಅರಸಿ ಚಿರತೆ ಬರುತ್ತದೆ. ಬಡಾವಣೆಗೆ ಚಿರತೆ ಬಂತೆಂದು ಅರಣ್ಯ ಇಲಾಖೆಯನ್ನು ದೂರುವ ಮುನ್ನ ತಮ್ಮ ರಸ್ತೆಯ ತಿರುವಿನ ಕಸದ ರಾಶಿಯನ್ನೊಮ್ಮೆ ನೋಡುವುದು ಒಳ್ಳೆಯದು.

ಚಿರತೆಯದ್ದು ಹೊಂಚುಬೇಟೆ. ಗಾಳಿಯ ದಿಕ್ಕು, ನೆಲದ ಏರುತಗ್ಗು, ಪೊದೆಯ ಮರೆ ನೋಡಿಕೊಂಡು ಕೆಲವೇ ಮಾರು ಹತ್ತಿರಕ್ಕೆ ತೆವಳುತ್ತದೆ. ಅಲ್ಲಿಂದ ಒಂದೇ ಧಾವನ. ಗಂಟಲು ಹಿಡಿದು ಉಸಿರು ಕಟ್ಟಿಸುತ್ತದೆ. ಮೊದಲ ನೆಗೆತ ತಪ್ಪಿದರೆ ಬಹುಮಟ್ಟಿಗೆ ಬೆನ್ನಟ್ಟುವುದಿಲ್ಲ. ಹುಲಿ, ಸೀಳುನಾಯಿಗಳಿರುವ ಕಾಡಿನಲ್ಲಿ ಬೇಟೆಯನ್ನು ಮರದ ಮೇಲೆ ಇಡುತ್ತದೆ; ಅವುಗಳ ಕಾಟವಿಲ್ಲದ ಕಡೆ ಪೊದೆಯೊಳಗೆ ಎಳೆದರೆ ಸಾಕು. ಮರುದಿನ ರಾತ್ರಿ ಉಳಿದುದನ್ನು ತಿನ್ನಲು ಅದೇ ಜಾಗಕ್ಕೆ ಮರಳುತ್ತದೆ. ಕುರಿದೊಡ್ಡಿಗೆ ನುಗ್ಗಿದಾಗ ಮಾತ್ರ ಒಂದೇ ರಾತ್ರಿ ಹಲವಾರು ಕುರಿಗಳನ್ನು ಕೊಲ್ಲುವುದುಂಟು. ಓಡಲು ಜಾಗವಿಲ್ಲದೆ ಗಾಬರಿಯಿಂದ ಸುತ್ತುವ ಕುರಿಗಳು ಅದರ ಬೇಟೆಯ ಚಟುವಟಿಕೆಯನ್ನು ಕೆರಳಿಸುತ್ತಲೇ ಇರುತ್ತವೆ. ತಿನ್ನುವುದಕ್ಕಲ್ಲದೆ ಕೊಂದಿದೆ ಎಂದು ಕುರಿಗಾಹಿ ಕೋಪಗೊಳ್ಳುವುದು ಸಹಜ. ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಹೋಗಿರುತ್ತದೆ.

ಗಡಿ ಮತ್ತು ಸಂಸಾರ

ಚಿರತೆ ಒಂಟಿ ಬದುಕಿನ ಪ್ರಾಣಿ. ಪ್ರತಿ ಚಿರತೆಗೂ ತನ್ನದೇ ಸರಹದ್ದಿರುತ್ತದೆ. ಗಂಡಿನ ಸರಹದ್ದು ದೊಡ್ಡದು, ಅದರೊಳಗೆ ಎರಡು ಮೂರು ಹೆಣ್ಣುಗಳ ಸರಹದ್ದುಗಳು ಬಂದು ಸೇರುತ್ತವೆ. ಆಹಾರ ಹೇರಳವಾಗಿರುವಲ್ಲಿ ಹೆಣ್ಣಿಗೆ ಹತ್ತು, ಹದಿನೈದು ಚದರ ಕಿಲೋಮೀಟರ್ ಸಾಕಾಗುತ್ತದೆ. ಮೂತ್ರ ಸಿಂಪಡಿಸುವುದು, ಮರದ ತೊಗಟೆ ಪರಚುವುದು, ದಾರಿಯ ನಡುವೆ ಹಿಕ್ಕೆ ಹಾಕುವುದು ಇವೆಲ್ಲ ಗಡಿಕಲ್ಲು ನೆಡುವ ಕೆಲಸವೇ. ಕೂಗು ಮತ್ತೊಂದು ಬಗೆಯ ಗಡಿ. ಗರಗಸದಿಂದ ಮರ ಕೊಯ್ಯುವಾಗ ಹೋಗಿ ಬರುವ ಸದ್ದಿನಂತೆ ಒಂದೇ ಲಯದಲ್ಲಿ ಹಲವು ಸಲ ಕೇಳಿಸುತ್ತದೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಗರ್ಭದ ಅವಧಿ ಮೂರು ತಿಂಗಳಿಗಿಂತ ಸ್ವಲ್ಪ ಹೆಚ್ಚು. ಬಂಡೆಯ ಗವಿ, ದಟ್ಟ ಪೊದೆ, ಹಳೆ ಮೈಸೂರು ಸೀಮೆಯಲ್ಲಾದರೆ ಕಬ್ಬಿನ ಗದ್ದೆ ಹೆರಿಗೆಯ ಜಾಗ. ಸಾಮಾನ್ಯವಾಗಿ ಎರಡು ಮೂರು ಮರಿಗಳು. ಹುಟ್ಟಿದಾಗ ಕಣ್ಣು ಮುಚ್ಚಿರುತ್ತವೆ, ವಾರ ಹತ್ತು ದಿನಕ್ಕೆ ತೆರೆಯುತ್ತವೆ. ಮೂರು ತಿಂಗಳಿಗೆ ಹಾಲು ಬಿಡುತ್ತವೆ. ಒಂದೂವರೆಯಿಂದ ಎರಡು ವರ್ಷದವರೆಗೆ ತಾಯಿಯೊಡನಿದ್ದು ಬೇಟೆ ಕಲಿಯುತ್ತವೆ. ತಂದೆಗೆ ಸಾಕಣೆಯಲ್ಲಿ ಪಾಲಿಲ್ಲ. ಕಾಡಿನಲ್ಲಿ ಆಯುಷ್ಯ ಹನ್ನೆರಡರಿಂದ ಹದಿನೈದು ವರ್ಷ, ಮೃಗಾಲಯದಲ್ಲಿ ಇಪ್ಪತ್ತು ದಾಟುವುದುಂಟು.

ಕಬ್ಬು ಕಟಾವಿನ ವೇಳೆ ಮರಿಗಳು ಸಿಕ್ಕಾಗ ಅವು ಅನಾಥ ಎಂದು ಮನೆಗೆ ಒಯ್ಯುವವರಿದ್ದಾರೆ. ಬಹುಪಾಲು ತಾಯಿ ಅಲ್ಲಿಯೇ ಎಲ್ಲೋ ಅಡಗಿರುತ್ತದೆ. ಮರಿಗಳನ್ನು ಮುಟ್ಟದೆ, ಸಿಕ್ಕ ಜಾಗದಲ್ಲಿಯೇ ಬಿಟ್ಟು ಜನ ದೂರ ಸರಿದರೆ ರಾತ್ರಿ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಮರಿ ಕಳೆದುಕೊಂಡ ತಾಯಿ ಊರ ಸುತ್ತಲೇ ಅಲೆಯತೊಡಗಿದರೆ ಅದರ ಅಪಾಯ ಊರಿನವರಿಗೇ.

ಪ್ರಾಯಕ್ಕೆ ಬಂದ ಗಂಡು ಮರಿಗೆ ತಾಯಿಯ ಸರಹದ್ದಿನಲ್ಲಿ ಜಾಗವಿಲ್ಲ. ಖಾಲಿ ಜಾಗ ಹುಡುಕಿ ಅದು ಹೊರಡುತ್ತದೆ. ರಾತ್ರಿಯೆಲ್ಲ ನಡೆದು, ಬೆಳಕಾಗುವಾಗ ಎಲ್ಲಿರುತ್ತದೋ ಅಲ್ಲಿ ಅಡಗುತ್ತದೆ. ಅದು ಪೊದೆಯಾದರೆ ಯಾರಿಗೂ ತಿಳಿಯುವುದಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಾದರೆ ಸುದ್ದಿಯಾಗುತ್ತದೆ.

ಬೆಂಗಳೂರಿನ ಲೆಕ್ಕ

2022ರ ರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದಲ್ಲಿ 13,874 ಚಿರತೆಗಳಿದ್ದವು. ಮಧ್ಯಪ್ರದೇಶ 3,907, ಮಹಾರಾಷ್ಟ್ರ 1,985, ನಂತರದ ಸ್ಥಾನ ಕರ್ನಾಟಕದ್ದು, 1,879. ರಾಜ್ಯದಲ್ಲಿ 2018ರ ಅಂದಾಜು 1,783 ಇತ್ತು. ಮುಖ್ಯವಾಗಿ ಹುಲಿಗಳಿರುವ ರಾಜ್ಯಗಳ ಅರಣ್ಯ ಪ್ರದೇಶದಲ್ಲಿ ನಡೆದ ಅಂದಾಜಿದು. ಹೊಲ, ಗದ್ದೆ, ಗುಡ್ಡಗಳಲ್ಲಿರುವ ಚಿರತೆಗಳು ಇದರಲ್ಲಿ ಪೂರ್ತಿ ಸೇರಿಲ್ಲ ಎಂಬುದನ್ನು ನೆನಪಿಡಬೇಕು.

ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಅವರ ಹೊಳೆಮತ್ತಿ ನೇಚರ್ ಫೌಂಡೇಶನ್ 2025ರಲ್ಲಿ ಪ್ರಕಟಿಸಿದ ಅಧ್ಯಯನ ಬೆಂಗಳೂರಿನ ಅಂಚಿಗೆ ಸಂಬಂಧಿಸಿದ್ದು. ಕ್ಯಾಮೆರಾ ಟ್ರ್ಯಾಪ್‌ಗಳ ನೆರವಿನಿಂದ ನಡೆದ ಈ ಅಧ್ಯಯನದಂತೆ ಮಹಾನಗರದ ಸುತ್ತ ಸುಮಾರು 80ರಿಂದ 85 ಚಿರತೆಗಳಿವೆ. ಅವುಗಳಲ್ಲಿ 54 ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ್ದು. ಉಳಿದವು ತುರಹಳ್ಳಿ, ಬಿ.ಎಂ. ಕಾವಲ್, ಯು.ಎಂ. ಕಾವಲ್, ತಾತಗುಣಿಯ ರೋರಿಚ್ ಎಸ್ಟೇಟ್, ಸೂಲಿಕೆರೆ, ಹೆಸರಘಟ್ಟ ಮೊದಲಾದ ಚದುರಿದ ಹಸಿರು ತುಣುಕುಗಳಲ್ಲಿವೆ.

ನಕ್ಷೆ ತೆರೆದು ನೋಡಿದರೆ ಪಶ್ಚಿಮದ ಮಹತ್ವ ತಿಳಿಯುತ್ತದೆ. ಬನ್ನೇರುಘಟ್ಟದಿಂದ ಹೊರಟು ರಾಮದೇವರ ಬೆಟ್ಟ, ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗದವರೆಗೆ ನಗರವನ್ನು ಅರ್ಧಚಂದ್ರಾಕಾರವಾಗಿ ಬಳಸಿದಂತೆ ಕಲ್ಲುಗುಡ್ಡಗಳ ಸಾಲಿದೆ. ಬಂಡೆಗಳ ನಡುವೆ ಗವಿಗಳು, ಬುಡದಲ್ಲಿ ಕುರುಚಲು ಕಾಡು, ಕೆಳಗೆ ಹಳ್ಳಿ. ಕುರಿ ಕಾಯುವವರು, ನಾಯಿ, ನೀರಿನ ಕುಂಟೆ. ಚಿರತೆಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಒಂದು ಗುಡ್ಡದಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ ಹೆದ್ದಾರಿ, ಕಲ್ಲುಗಣಿ, ಹೊಸ ಬಡಾವಣೆಗಳು ಅಡ್ಡ ಬರುತ್ತವೆ. ತುರಹಳ್ಳಿ ಸುಮಾರು 590 ಎಕರೆಯ ಕಾಡು. ಅದೊಂದನ್ನೇ ಅಳೆದರೆ ಒಂದು ಹೆಣ್ಣು ಚಿರತೆಯ ಸರಹದ್ದಿಗೂ ಸಾಲದು. ಪಕ್ಕದ ಕಾವಲುಗಳು, ಎಸ್ಟೇಟು, ಗುಡ್ಡಗಳೊಂದಿಗೆ ಕೊಂಡಿ ಉಳಿದಿರುವುದರಿಂದಲೇ ಅದು ಚಿರತೆಯ ಕಾಡಾಗಿದೆ. ಇಲ್ಲಿ ವೃಕ್ಷೋದ್ಯಾನ ಮಾಡುವ ಪ್ರಸ್ತಾಪವನ್ನು 2021ರಲ್ಲಿ ನಾಗರಿಕರು ವಿರೋಧಿಸಿದ್ದು ಓದುಗರಿಗೆ ನೆನಪಿರಬಹುದು. ಬಿ.ಎಂ. ಕಾವಲ್, ಯು.ಎಂ. ಕಾವಲ್, ರೋರಿಚ್ ಎಸ್ಟೇಟ್, ಗೊಲ್ಲಹಳ್ಳಿ ಗುಡ್ಡಗಳನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಬೇಕೆಂಬುದು ಮೇಲಿನ ಅಧ್ಯಯನದ ಸಲಹೆ.

ಹಿಡಿದು ಬೇರೆಡೆ ಬಿಟ್ಟರೆ?

ಚಿರತೆ ಕಂಡೊಡನೆ ಬೋನು ಇಡಿ ಎಂಬ ಒತ್ತಾಯ ಬರುತ್ತದೆ. ಮೇಕೆ ಅಥವಾ ನಾಯಿ ಕಟ್ಟಿದ ಬೋನಿಗೆ ಒಂದು ಚಿರತೆ ಬೀಳುತ್ತದೆ, ದೂರದ ಕಾಡಿಗೆ ಹೋಗುತ್ತದೆ. ಊರು ನಿಟ್ಟುಸಿರು ಬಿಡುತ್ತದೆ. ಆದರೆ ಚಿರತೆಯ ಸ್ವಭಾವ ಈ ಲೆಕ್ಕಕ್ಕೆ ಒಗ್ಗುವುದಿಲ್ಲ.

ಮೊದಲನೆಯದಾಗಿ, ಖಾಲಿಯಾದ ಸರಹದ್ದು ಖಾಲಿ ಉಳಿಯುವುದಿಲ್ಲ. ಜಾಗ ಹುಡುಕುತ್ತಿದ್ದ ಎಳೆಯ ಗಂಡು ಬಂದು ಸೇರುತ್ತದೆ. ಜನರಿಗೆ ಹೊಂದಿಕೊಂಡು, ಕಣ್ಣಿಗೆ ಬೀಳದೆ ಬದುಕುವುದನ್ನು ಕಲಿತಿದ್ದ ಹಳೆಯ ಚಿರತೆಯ ಜಾಗಕ್ಕೆ ಏನೂ ಅರಿಯದ ಹೊಸತು ಬಂದಂತಾಗುತ್ತದೆ. ಇನ್ನೊಂದೆಡೆ, ಬಿಟ್ಟ ಕಾಡಿನಲ್ಲಿ ಆಗಲೇ ಬೇರೆ ಚಿರತೆಯ ಆಳ್ವಿಕೆ ಇರುತ್ತದೆ. ಹೊಸಬ ಅಲ್ಲಿ ನಿಲ್ಲಲಾರದೆ ತನ್ನ ಊರಿನತ್ತ ನಡೆಯುತ್ತದೆ. ದಾರಿಯಲ್ಲಿ ಪರಿಚಯವಿಲ್ಲದ ಹಳ್ಳಿಗಳು ಸಿಗುತ್ತವೆ.

ಮಹಾರಾಷ್ಟ್ರದ ಜುನ್ನರ್‌ನಲ್ಲಿ ಇದು ಅಂಕಿಅಂಶಗಳಿಂದ ಸಿದ್ಧವಾಗಿದೆ. 2001ರಿಂದ 2003ರವರೆಗೆ ಅಲ್ಲಿ ನೂರಕ್ಕೂ ಹೆಚ್ಚು ಚಿರತೆಗಳನ್ನು ಹಿಡಿಯಲಾಯಿತು. ಬಹಳಷ್ಟನ್ನು ಬೇರೆಡೆ ಬಿಡಲಾಯಿತು. ಅದಕ್ಕೆ ಮುನ್ನ ವರ್ಷಕ್ಕೆ ಸರಾಸರಿ ನಾಲ್ಕಿದ್ದ ಮನುಷ್ಯರ ಮೇಲಿನ ದಾಳಿ ಹದಿನೇಳಕ್ಕೇರಿತು. 2009ರಲ್ಲಿ ಕೊರಳಪಟ್ಟಿ ತೊಡಿಸಿ ಮಾಳಶೇಜ್ ಘಾಟಿನಲ್ಲಿ ಬಿಟ್ಟ ‘ಆಜೋಬಾ’ ಎಂಬ ಗಂಡು ಚಿರತೆ ಸುಮಾರು 120 ಕಿಲೋಮೀಟರ್ ನಡೆದು ಮುಂಬೈನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸೇರಿತು. ಹೆದ್ದಾರಿ, ರೈಲು ಹಳಿ ದಾಟಿದರೂ ದಾರಿಯಲ್ಲಿ ಯಾರನ್ನೂ ಗಾಯಗೊಳಿಸಲಿಲ್ಲ. ಎಲ್ಲ ಚಿರತೆಗಳೂ ಇಷ್ಟು ಸಾಧುವಾಗಿ ನಡೆದಾವೆಂಬ ಭರವಸೆ ಇಲ್ಲ. ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ಹೊರಡಿಸಿದ ಮಾರ್ಗಸೂಚಿ ಕೂಡ ಕಂಡ ಮಾತ್ರಕ್ಕೆ ಹಿಡಿಯುವುದನ್ನು ಒಪ್ಪುವುದಿಲ್ಲ.

ಹಿಡಿಯುವ ಕೆಲಸವೂ ಸುಲಭದ್ದಲ್ಲ. ಅರಿವಳಿಕೆ ಮದ್ದು ತಗುಲಿದ ಕ್ಷಣವೇ ಪ್ರಾಣಿ ಬೀಳುವುದು ಚಲನಚಿತ್ರದಲ್ಲಿ ಮಾತ್ರ. ನಿಜದಲ್ಲಿ ಹತ್ತು, ಹದಿನೈದು ನಿಮಿಷ ಬೇಕು. ಪ್ರಾಣಿ ಉದ್ರೇಕಗೊಂಡಿದ್ದರೆ ಇನ್ನೂ ಹೆಚ್ಚು. ಆ ನಿಮಿಷಗಳಲ್ಲಿ ನೋವು, ಭಯ, ಗದ್ದಲಗಳ ನಡುವೆ ಸಿಕ್ಕಿದ ಚಿರತೆ ಅತ್ಯಂತ ಅಪಾಯಕಾರಿ. ನಗರದ ಪೂರ್ವ ಭಾಗದ ಮಾರತ್ತಹಳ್ಳಿ ಬಳಿಯ ಖಾಸಗಿ ಶಾಲೆಗೆ 2016ರ ಫೆಬ್ರುವರಿ 7ರಂದು ನುಗ್ಗಿದ ಗಂಡು ಚಿರತೆ, ಸಂಜಯ್ ಗುಬ್ಬಿ ಸೇರಿದಂತೆ ಹಲವರನ್ನು ಗಾಯಗೊಳಿಸಿದ್ದು ಇಂಥ ಕಾರ್ಯಾಚರಣೆಯಲ್ಲಿಯೇ. ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ಬನ್ನೇರುಘಟ್ಟಕ್ಕೆ ಒಯ್ದ ಆ ಚಿರತೆ ವಾರದೊಳಗೆ ಬೋನಿನಿಂದ ತಪ್ಪಿಸಿಕೊಂಡಿತು. ಆಗ್ನೇಯ ದಿಕ್ಕಿನ ಕೂಡ್ಲು ಗೇಟ್ ಬಳಿ 2023ರ ಅಕ್ಟೋಬರ್ ಕೊನೆಯಲ್ಲಿ ಕಾಣಿಸಿಕೊಂಡ ಚಿರತೆಯ ಕಥೆ ಬೇರೆಯಾಗಿ ಮುಗಿಯಿತು. ನವೆಂಬರ್ 1ರಂದು ಸೆರೆ ಹಿಡಿಯುವ ಯತ್ನದಲ್ಲಿ ಅದು ಸಿಬ್ಬಂದಿಯ ಮೇಲೆರಗಿತು, ಗುಂಡೇಟಿಗೆ ಸತ್ತಿತು.

ಪ್ರಾಣಹಾನಿಯ ಪ್ರಶ್ನೆ

ಇಷ್ಟೆಲ್ಲ ಹೇಳಿದ ಮೇಲೆ ಚಿರತೆ ನಿರುಪದ್ರವಿ ಎಂಬ ಅಭಿಪ್ರಾಯ ಓದುಗರಲ್ಲಿ ಮೂಡಬಾರದು. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರಾತ್ರಿ ಮನೆಯೊಳಗೆ ಮಲಗಿದ್ದ ಮೂರು ವರ್ಷದ ಗಂಡುಮಗುವನ್ನು ಚಿರತೆ ಎಳೆದೊಯ್ದು ಕೊಂದಿತು. ಕೆಲವೇ ದಿನಗಳ ಅಂತರದಲ್ಲಿ ಅದೇ ತಾಲ್ಲೂಕಿನ ವೃದ್ಧೆಯೊಬ್ಬರು ಬಲಿಯಾದರು. ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಅಂತ್ಯದಿಂದ 2023ರ ಜನವರಿಯವರೆಗಿನ ಮೂರು ತಿಂಗಳಲ್ಲಿ ನಾಲ್ವರು ಸತ್ತರು. ಅವರಲ್ಲೊಬ್ಬ ಹನ್ನೊಂದು ವರ್ಷದ ಬಾಲಕ. 2024ರ ನವೆಂಬರ್‌ನಲ್ಲಿ ಶಿವಗಂಗೆ ಸಮೀಪದ ಹಳ್ಳಿಯಲ್ಲಿ ಜಾನುವಾರಿಗೆ ಹುಲ್ಲು ತರಲು ಹೋದ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಈ ಮನೆಗಳ ಮುಂದೆ ನಿಂತು ಸಹಬಾಳ್ವೆಯ ಮಾತನಾಡುವುದು ಕಷ್ಟ. ಹಸಿರು ನೋಟದ ಬಾಲ್ಕನಿಯಲ್ಲಿ ಕುಳಿತವರಿಗಿಂತ ಹುಲ್ಲು ಕೊಯ್ಯುವವರು, ಕುರಿ ಕಾಯುವವರು, ಬಾಗಿಲು ಭದ್ರವಿಲ್ಲದ ಮನೆಯವರು ಈ ಅಪಾಯದ ಹೆಚ್ಚಿನ ಪಾಲನ್ನು ಹೊರುತ್ತಿದ್ದಾರೆ ಎಂಬುದನ್ನೂ ಹೇಳಬೇಕು.

ಮನುಷ್ಯರನ್ನು ಕೊಂದ ಚಿರತೆಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೋನಿಗೆ ಬಿದ್ದದ್ದು ಕೊಂದ ಚಿರತೆಯೇ ಎಂದು ಖಚಿತಪಡಿಸಿಕೊಳ್ಳಲು ಕ್ಯಾಮೆರಾ ಚಿತ್ರದ ಹೋಲಿಕೆ, ಡಿಎನ್‌ಎ ಪರೀಕ್ಷೆ ಬೇಕಾಗುತ್ತದೆ. ಸಿಟ್ಟಿನ ಭರದಲ್ಲಿ ಸಿಕ್ಕಿದ್ದನ್ನೆಲ್ಲ ಹಿಡಿದರೆ ನಿಜವಾದ ಅಪರಾಧಿ ಹೊರಗೇ ಉಳಿಯಬಹುದು.

ದಾಳಿಗಳ ಹಿನ್ನೆಲೆ ನೋಡಿದರೆ ಚಿರತೆಯ ಬೇಟೆಯ ರೀತಿಯೇ ಅಲ್ಲಿಯೂ ಕಾಣುತ್ತದೆ. ನಿಂತ ವಯಸ್ಕ ಮನುಷ್ಯನ ಆಕಾರ ಅದರ ಬೇಟೆಯ ಪಟ್ಟಿಯಲ್ಲಿಲ್ಲ. ಚಿಕ್ಕ ಮಗು, ಬಗ್ಗಿ ಹುಲ್ಲು ಕೊಯ್ಯುತ್ತಿರುವವರು, ಬಹಿರ್ದೆಸೆಗೆ ಕುಳಿತವರು, ಮಲಗಿದವರು ಅದರ ಕಣ್ಣಿನ ಮಟ್ಟಕ್ಕೆ ಬರುತ್ತಾರೆ. ಮುಸ್ಸಂಜೆಯಿಂದ ಮುಂಜಾನೆಯವರೆಗಿನ ಹೊತ್ತು ಅದರದ್ದು. ಆದುದರಿಂದ ಗುಡ್ಡದ ಅಂಚಿನ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದು. ಹೊಲಕ್ಕೆ ಹೋಗುವಾಗ ಇಬ್ಬರಿರಬೇಕು, ಮಾತನಾಡುತ್ತ ಇಲ್ಲವೇ ಮೊಬೈಲ್‌ನಲ್ಲಿ ಹಾಡು ಹಾಕಿಕೊಂಡು ನಡೆಯಬೇಕು. ಸದ್ದು ಕೇಳಿದರೆ ಚಿರತೆ ತಾನೇ ಸರಿಯುತ್ತದೆ. ಮನೆಗೆ ಶೌಚಾಲಯ, ಬೀದಿಗೆ ದೀಪ, ಕೊಟ್ಟಿಗೆಗೆ ನಾಲ್ಕೂ ಕಡೆ ಗೋಡೆ ಮತ್ತು ಮೇಲೆ ಜಾಲರಿ ಇವು ಬೋನಿಗಿಂತ ಹೆಚ್ಚು ಜೀವ ಉಳಿಸುತ್ತವೆ. ಮೇಲ್ಭಾಗ ತೆರೆದ ಕೊಟ್ಟಿಗೆ ಇದ್ದೂ ಇಲ್ಲದಂತೆ.

ಎದುರಾದರೆ ಓಡಬಾರದು, ಬೆನ್ನು ತೋರಬಾರದು, ಕುಳಿತುಕೊಳ್ಳಬಾರದು. ಜೊತೆಯಲ್ಲಿ ಮಗುವಿದ್ದರೆ ಬಗ್ಗದೆಯೇ ಎತ್ತಿಕೊಂಡು, ಕೈ ಮೇಲೆತ್ತಿ ಗಟ್ಟಿಯಾಗಿ ಕೂಗುತ್ತ ನಿಧಾನವಾಗಿ ಹಿಂದೆ ಸರಿಯಬೇಕು. ಕಟ್ಟಡದೊಳಗೆ ಹೊಕ್ಕಿದ್ದರೆ ಹೊರಹೋಗುವ ದಾರಿಯೊಂದನ್ನು ತೆರೆದಿಟ್ಟು, ಉಳಿದ ಬಾಗಿಲುಗಳನ್ನು ಮುಚ್ಚಿ, ಜನರನ್ನು ದೂರ ಕಳುಹಿಸಬೇಕು. ಕತ್ತಲಾಗುವವರೆಗೆ ಸದ್ದಿಲ್ಲದಿದ್ದರೆ ಹೆಚ್ಚಿನ ವೇಳೆ ಅದು ಬಂದ ದಾರಿಯಲ್ಲಿ ಹೋಗುತ್ತದೆ. ಕಲ್ಲು ಹಿಡಿದು, ಮೊಬೈಲ್ ಹಿಡಿದು ಸುತ್ತುವರಿಯುವ ಗುಂಪು ಆ ಅವಕಾಶವನ್ನು ಕಸಿಯುತ್ತದೆ. ಹಳೆಯ, ಬೇರೆ ಊರಿನ ದೃಶ್ಯಗಳನ್ನು ತಮ್ಮ ಬಡಾವಣೆಯದ್ದೆಂದು ಹಂಚುವವರು ಈ ಗುಂಪಿಗೆ ದೂರದಿಂದಲೇ ಸೇರಿಕೊಂಡವರು.

ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕೊಂದರೆ ಕನಿಷ್ಠ ಮೂರರಿಂದ ಗರಿಷ್ಠ ಏಳು ವರ್ಷದವರೆಗೆ ಸೆರೆವಾಸವಿದೆ. 2022ರ ತಿದ್ದುಪಡಿಯಂತೆ ದಂಡ 25 ಸಾವಿರ ರೂಪಾಯಿಗೆ ಕಡಿಮೆ ಇರುವಂತಿಲ್ಲ. ಮೇಕೆ, ಕರು ಸತ್ತರೆ ಪರಿಹಾರಕ್ಕೆ ಅರ್ಜಿ ಸಲ್ಲಿಸಬಹುದು. ಅರಣ್ಯ ಸಿಬ್ಬಂದಿ ಬಂದು ಮಹಜರು ಮಾಡುವವರೆಗೆ ಕಳೇಬರವನ್ನು ಅಲ್ಲಿಂದ ಸರಿಸಬಾರದು. ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆ 1926. ಕರೆ ಮಾಡುವವರು ಕಂಡ ಜಾಗ, ಹೊತ್ತು, ಪ್ರಾಣಿ ಹೋದ ದಿಕ್ಕು ಇವಿಷ್ಟನ್ನು ಹೇಳಬೇಕು. ಹೆಜ್ಜೆಗುರುತು ಇದ್ದರೆ ಅದರ ಮೇಲೊಂದು ಬುಟ್ಟಿ ಕವುಚಿಟ್ಟರೆ ಸಿಬ್ಬಂದಿ ಬರುವವರೆಗೆ ಅಳಿಯದೆ ಉಳಿಯುತ್ತದೆ.